ಸ್ಪಾಂಜ್ ಐರನ್ ಕಿಲ್ನ್: ಎಫ್‌ಇಎಂ ಇಳಿದಾಗ ಗಾಳಿ ಏರಿಸುವ ಮುನ್ನ

ಅದಿರನ್ನು ಕರಗಿಸದೆ ಕಲ್ಲಿದ್ದಲಿನ ಜೊತೆ ಕಾಯಿಸಿ ಸ್ಪಾಂಜ್ ಐರನ್ ಮಾಡುವ, ಒಳಗೆ ಇಟ್ಟಿಗೆ ಕಟ್ಟಿದ, ತಿರುಗುವ ಉಕ್ಕಿನ ಕೊಳವೆಯೇ ಕಿಲ್ನ್. ಅದರ ಒಂದು ದೋಷ ಇಷ್ಟೆ. ಮಾಲು ತಣಿಸುವ ಕೂಲರ್‌ನಿಂದ ಬರುವ ಮಾಲಿನಲ್ಲಿ ಲೋಹರೂಪದ ಕಬ್ಬಿಣ, ಅಂದರೆ ಲ್ಯಾಬಿನ ಚೀಟಿಯಲ್ಲಿ ಎಫ್‌ಇಎಂ ಎಂದು ಬರುವ ಅಂಕಿ, 82ರಿಂದ 76ಕ್ಕೆ ಜಾರಿದೆ. ಒಟ್ಟು ಕಬ್ಬಿಣ 91ರಲ್ಲೇ ನಿಂತಿದೆ. 82ನ್ನು 91ರಿಂದ ಭಾಗಿಸಿದರೆ ಮೆಟಲೈಸೇಶನ್ 90%, 76 ಆದಾಗ 83.5%. ಬಳ್ಳಾರಿ, ಕೊಪ್ಪಳ ಸುತ್ತಿನ ಘಟಕಗಳಲ್ಲಿ ಇದು ಕಂಡೊಡನೆ ಶಿಫ್ಟಿನವರ ಕೈ ಹೋಗುವುದು ಶೆಲ್ (ಕಿಲ್ನ್‌ನ ಉಕ್ಕಿನ ಹೊರಮೈ) ಮೂಲಕ ಒಳಗೆ ಗಾಳಿ ಊದುವ ಶೆಲ್ ಏರ್ ಫ್ಯಾನಿನ ಗಾಳಿಬಾಗಿಲಾದ ಡ್ಯಾಂಪರ್‌ಗೆ: ಗಾಳಿ ಹೆಚ್ಚಿಸು, ಶಾಖ ಏರಿಸು. ಎಷ್ಟೋ ಸಲ ಅದು ಹುತ್ತ ಬಡಿದ ಹಾಗೆ. ಹಾವು ಬೇರೆ ಕಡೆ ಇರುತ್ತದೆ. ಕೆಲವು ಸಲ ಅದೇ ಕೈ ಒಂದು ತಿಂಗಳ ನಂತರ ಕಿಲ್ನ್ ನಿಲ್ಲಿಸುವ, ಒಳಗೋಡೆಗೆ ಉಂಗುರದಂತೆ ಅಂಟಿ ಬೆಳೆಯುವ ರಿಂಗ್‌ಗೆ ಬುನಾದಿ ಹಾಕಿರುತ್ತದೆ.

ಇಲ್ಲಿನ ಅಂಕಿಗಳು ದಿನಕ್ಕೆ 100 ಟನ್ನಿನ ಕಲ್ಲಿದ್ದಲು ಕಿಲ್ನ್‌ಗೆ: ಉದ್ದ 42 ಮೀಟರ್, ಶೆಲ್ ವ್ಯಾಸ 3 ಮೀಟರ್, ಇಳಿಜಾರು 2.5%, ವೇಗ ನಿಮಿಷಕ್ಕೆ ಸುಮಾರು 0.45 ಸುತ್ತು. ನಿಮ್ಮದು 50 ಟನ್ನಿನದಾಗಲಿ 350 ಟನ್ನಿನದಾಗಲಿ, ಹುಡುಕುವ ಕ್ರಮ ಒಂದೇ.

ಮೊದಲು ಹಿಂದಿನ ಶಿಫ್ಟಿನ ಪುಸ್ತಕ ತೆರೆಯಿರಿ

ಅದಿರು ಕಿಲ್ನ್ ದಾಟಲು ವೇಗಕ್ಕೆ ತಕ್ಕಂತೆ 5ರಿಂದ 8 ಗಂಟೆ ಬೇಕು. ಕೂಲರ್‌ನಲ್ಲಿ ಇನ್ನೊಂದು ಗಂಟೆ. ಬೆಳಿಗ್ಗೆ 10ರ ಸ್ಯಾಂಪಲ್ ಕೆಟ್ಟಿದ್ದರೆ ಆ ಮಾಲು ಒಳಗೆ ಹೋದದ್ದು ರಾತ್ರಿ 2–3ಕ್ಕೆ. ಆದ್ದರಿಂದ ಈಗಿನ ಪ್ಯಾನೆಲ್ ನೋಡಿ ತೀರ್ಮಾನಿಸಬೇಡಿ. ರಾತ್ರಿ ಬಂಕರ್‌ಗೆ ಯಾವ ರಾಶಿಯ ಕಲ್ಲಿದ್ದಲು ಹಾಕಿದರು, ಅದಿರಿನ ಲಾಟ್ ಬದಲಾಯಿತೆ, ಮಳೆ ಬಂತೆ, ಕರೆಂಟ್ ಹೋಗಿ ಕಿಲ್ನ್ ಎಷ್ಟು ಹೊತ್ತು ಸಹಾಯಕ ಡ್ರೈವ್ ಮೇಲೆ ತಿರುಗಿತು, ಮಾಲು ಹೊರಬರುವ ತುದಿಯಿಂದ ಕಲ್ಲಿದ್ದಲು ಊದುವ ಇಂಜೆಕ್ಷನ್ ಬ್ಲೋವರ್ ಟ್ರಿಪ್ ಆಯಿತೆ, ಇವನ್ನು ನೋಡಿ. ಒಂದೇ ಸ್ಯಾಂಪಲ್ ಮೇಲೆ ಏನನ್ನೂ ಬದಲಿಸಬೇಡಿ. ಅರ್ಧ ಗಂಟೆಗೊಂದರಂತೆ ನಾಲ್ಕು ಸಲ ತೆಗೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲನ್ನು ಲ್ಯಾಬಿಗೆ ಕಳಿಸಿ.

ಇದೇ ಲೆಕ್ಕ ತಿದ್ದುಪಡಿಗೂ ಸಲ್ಲುತ್ತದೆ. ಫೀಡ್ ತುದಿಯಲ್ಲಿ (ಅದಿರು ಒಳಹೋಗುವ ತುದಿ) ಮಾಡಿದ ಬದಲಾವಣೆಯ ಫಲ ಏಳೆಂಟು ಗಂಟೆ ಕಾಣುವುದಿಲ್ಲ. ಎರಡು ಗಂಟೆಗೊಮ್ಮೆ ಒಂದೊಂದು ಗುಂಡಿ ತಿರುಗಿಸಿದರೆ ಮರುದಿನ ಯಾವುದರಿಂದ ಏನಾಯಿತೆಂದು ಯಾರಿಗೂ ಗೊತ್ತಾಗದು.

ಗಟ್ಟಿ ಒಡೆದು ನೋಡಿ

ಲ್ಯಾಬ್ ಫಲಿತಾಂಶಕ್ಕಿಂತ ಬೇಗ, ಕಾಸಿಲ್ಲದೆ, ಅರ್ಧ ಉತ್ತರ ಹೇಳುವ ಪರೀಕ್ಷೆ ಇದು. ತಣ್ಣಗಾದ ಮಾಲಿನಿಂದ 12–15 ಮಿ.ಮೀ. ಗಾತ್ರದ ಹತ್ತು ಗಟ್ಟಿ ಆರಿಸಿ, ಬೆಂಚ್ ಗ್ರೈಂಡರ್‌ನಲ್ಲಿ ಅರ್ಧದವರೆಗೆ ಉಜ್ಜಿ, ಹಗಲ ಬೆಳಕಿಗೆ ಹಿಡಿಯಿರಿ.

ಅಂಚು ಹೊಳೆದು ನಡುವೆ ಕಪ್ಪು ಇದ್ದರೆ ಮಾಲು ಬೆಂದಿಲ್ಲ, ಅದಿರಿನಿಂದ ಆಮ್ಲಜನಕ ಕೀಳುವ ಅಪಕರ್ಷಣೆ ಅರ್ಧಕ್ಕೆ ನಿಂತಿದೆ. ಕಾರಣ ಕಿಲ್ನ್ ಒಳಗಿದೆ: ಇಂಗಾಲ, ಶಾಖ, ಸಮಯ ಅಥವಾ ಅದಿರಿನ ಗಾತ್ರ.

ನಡುವೆ ಹೊಳೆದು ಹೊರಗೆ ಮಂಕು ಪದರ ಇದ್ದರೆ ಮಾಲು ಬೆಂದು ಆಮೇಲೆ ಕೆಟ್ಟಿದೆ. ಬಿಸಿ ಕಬ್ಬಿಣಕ್ಕೆ ಗಾಳಿ ತಾಗಿದೆ. ಈಗ ಕಿಲ್ನ್ ಶಾಖ ಮುಟ್ಟಿದರೆ ಕಲ್ಲಿದ್ದಲು ದಂಡ. ಡಿಸ್ಚಾರ್ಜ್ ಹುಡ್, ಸೀಲ್, ಕೂಲರ್ ಕಡೆಗೆ ನಡೆಯಿರಿ.

ದೊಡ್ಡ ಗಟ್ಟಿಯ ನಡು ಮಾತ್ರ ಕಪ್ಪಾಗಿ, 6–8 ಮಿ.ಮೀ.ನವು ಚೆನ್ನಾಗಿ ಬೆಂದಿದ್ದರೆ ಅದಿರು ಜರಡಿ ಹಿಡಿಯುವ ಸ್ಕ್ರೀನ್ ನೋಡಿ. 5–18 ಮಿ.ಮೀ. ಇರಬೇಕಾದ ಅದಿರಿನಲ್ಲಿ 25ರ ಕಲ್ಲು ಬರುತ್ತಿದ್ದರೆ ಜಾಲರಿ ಹರಿದಿದೆ.

ಬೇಯದ ಮಾಲಾದರೆ: ಚಾರ್‌ನಲ್ಲಿ ಉಳಿದ ಇಂಗಾಲ

ಮ್ಯಾಗ್ನೆಟ್‌ಗೆ ಅಂಟದೆ ಬೀಳುವ ಚಾರ್‌ನ, ಅಂದರೆ ಉರಿದು ಉಳಿದ ಕಲ್ಲಿದ್ದಲಿನ, ಫಿಕ್ಸೆಡ್ ಕಾರ್ಬನ್ (ಆವಿ, ಬೂದಿ ಕಳೆದು ಉಳಿಯುವ ಇಂಗಾಲ) ತೆಗೆಸಿ. ಸಾಮಾನ್ಯವಾಗಿ 20–30% ಇದ್ದರೆ ಒಳಗೆ ಇಂಗಾಲ ಸಾಕಷ್ಟಿತ್ತು, ಶಾಖವೋ ಸಮಯವೋ ಕಡಿಮೆಯಾಗಿದೆ. 15%ಕ್ಕಿಂತ ಕೆಳಗಿದ್ದರೆ ಇಂಗಾಲವೇ ಸಾಲಲಿಲ್ಲ. ಎಫ್‌ಇಎಂ ಜೊತೆ ಚಾರ್‌ನ ಅಂಕಿಯನ್ನೂ ಪ್ರತಿ ಶಿಫ್ಟಿಗೆ ಬರೆಯದ ಘಟಕ ಕಣ್ಣು ಕಟ್ಟಿಕೊಂಡು ನಡೆಯುತ್ತಿದೆ ಎನ್ನಬೇಕು.

ಇಂಗಾಲದ ಕೊರತೆ ಹೇಗೆ ಸದ್ದಿಲ್ಲದೆ ಬರುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಗಂಟೆಗೆ 6.5 ಟನ್ ಅದಿರು, ಕಬ್ಬಿಣ 65%: ಒಳಗೆ ಹೋಗುವ ಕಬ್ಬಿಣ 4.225 ಟನ್. ಎರಡೂ ತುದಿಯಿಂದ ಸೇರಿ ಕಲ್ಲಿದ್ದಲು 4.7 ಟನ್, ಒಣ ಲೆಕ್ಕದಲ್ಲಿ ಫಿಕ್ಸೆಡ್ ಕಾರ್ಬನ್ 42%. ತೇವ 6% ಇದ್ದಾಗ ಒಣ ಕಲ್ಲಿದ್ದಲು 4.42, ಇಂಗಾಲ 1.86 ಟನ್, ಇಂಗಾಲ–ಕಬ್ಬಿಣ ಅನುಪಾತ 0.44. ಮಳೆಗೆ ನೆನೆದು ತೇವ 14% ಆಯಿತು ಎನ್ನಿ. ಬೆಲ್ಟ್ ಮೇಲೆ ತೂಗುತ್ತ ಮಾಲು ಕೊಡುವ ವೇ ಫೀಡರ್ ಈಗಲೂ 4.7 ತೋರಿಸುತ್ತದೆ, ಆದರೆ ಒಣ ಕಲ್ಲಿದ್ದಲು 4.04, ಇಂಗಾಲ 1.70, ಅನುಪಾತ 0.40. ಬಹುಪಾಲು ಘಟಕಗಳು 0.42–0.48ರ ನಡುವೆ ನಡೆಯುವಂಥವು. ಪ್ಯಾನೆಲ್‌ನಲ್ಲಿ ಒಂದು ಅಂಕಿಯೂ ಅಲುಗಾಡದೆ ಕಿಲ್ನ್ ಹಸಿದಿದೆ. ಮೇಲಿಂದ ಗಂಟೆಗೆ 376 ಕಿಲೋ ಹೆಚ್ಚಿನ ನೀರನ್ನು ಆವಿ ಮಾಡುವ ಹೊರೆ ಬೇರೆ.

ತೇವ ತಿಳಿಯಲು ಒಂದು ಕಿಲೋ ಕಲ್ಲಿದ್ದಲನ್ನು ಬೆಲ್ಟ್ ಮೇಲಿಂದಲೇ ತೆಗೆದು 105–110 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ರಾಶಿಯ ಮೇಲ್ಮೈಯಿಂದ ತೆಗೆದರೆ ಬಿಸಿಲಿಗೆ ಒಣಗಿದ ಸುಳ್ಳು ಅಂಕಿ ಸಿಗುತ್ತದೆ.

ವೇ ಫೀಡರನ್ನೂ ನಂಬಬೇಡಿ. ಬೆಲ್ಟ್ ನಿಲ್ಲಿಸಿ ಸರಿಯಾಗಿ ಒಂದು ಮೀಟರ್ ಉದ್ದದ ಮಾಲನ್ನು ಗುಡಿಸಿ ತೂಗಿ. 18.2 ಕಿಲೋ ಬಂದು ಬೆಲ್ಟ್ ವೇಗ ಸೆಕೆಂಡಿಗೆ 0.1 ಮೀಟರ್ ಇದ್ದರೆ, 18.2 × 0.1 × 3.6 = ಗಂಟೆಗೆ 6.55 ಟನ್. ಪ್ಯಾನೆಲ್ ಹೇಳುವುದಕ್ಕೂ ಇದಕ್ಕೂ 2%ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಟೇರ್ ಮಾಡಿ (ಖಾಲಿ ಬೆಲ್ಟಿನಲ್ಲಿ ಸೊನ್ನೆಗೆ ತನ್ನಿ). ಲೋಡ್‌ಸೆಲ್ ಕೆಳಗೆ ಒದ್ದೆ ಪುಡಿ ಕಟ್ಟಿಕೊಂಡಿರುವುದು ಮಳೆಗಾಲದ ಮಾಮೂಲಿ ಕಾಯಿಲೆ.

ಕೊರತೆ ಖಚಿತವಾದರೆ ಎರಡು ದಾರಿ. ಕಲ್ಲಿದ್ದಲನ್ನು 5.1ಕ್ಕೆ ಏರಿಸಿದರೆ ಅನುಪಾತ 0.436. ಅಥವಾ ಅದಿರನ್ನು 5.95ಕ್ಕೆ ಇಳಿಸಿದರೆ 0.439. ಕಲ್ಲಿದ್ದಲು ಹಸಿಯಾಗಿದ್ದಾಗ ಎರಡನೆಯದೇ ಮೇಲು. ಹಸಿ ಕಲ್ಲಿದ್ದಲನ್ನು ಇನ್ನಷ್ಟು ಸುರಿದರೆ ಇನ್ನಷ್ಟು ನೀರು. ಒಣ ಕಲ್ಲಿದ್ದಲೇ ಇದ್ದು ಗುಣ ಕಡಿಮೆಯಾಗಿದ್ದರೆ ಮೊದಲನೆಯದು. ಬೇಗ ಫಲ ಬೇಕಾದರೆ ಡಿಸ್ಚಾರ್ಜ್ ಕಡೆಯ ಇಂಜೆಕ್ಷನ್ ಕಲ್ಲಿದ್ದಲು ಹೆಚ್ಚಿಸಿ, ಅದು ಮಾಲು ಬೇಯುವ ಜಾಗಕ್ಕೇ ಬೀಳುತ್ತದೆ. ಆದರೆ ಅದರಲ್ಲಿ ಪುಡಿ ಹೆಚ್ಚಿದ್ದರೆ ಹಾಸಿಗೆಗೆ (ಕಿಲ್ನ್ ತಳದಲ್ಲಿ ಉರುಳುವ ಮಾಲಿನ ರಾಶಿ) ಬೀಳುವ ಮುನ್ನ ಗಾಳಿಯಲ್ಲೇ ಉರಿದು ಹೋಗುತ್ತದೆ, ದೂರಕ್ಕೂ ಹಾರುವುದಿಲ್ಲ.

ಹಸಿದ ಕಿಲ್ನ್‌ಗೆ ಗಾಳಿ ಕೊಟ್ಟರೆ ಏನಾಗುತ್ತದೆ

ಕಿಲ್ನ್‌ನಲ್ಲಿ ಕಬ್ಬಿಣದ ಆಮ್ಲಜನಕ ಕೀಳುವುದು ಕಾರ್ಬನ್ ಮೊನಾಕ್ಸೈಡ್. ಅದು ಡೈಆಕ್ಸೈಡ್ ಆದಮೇಲೆ ಚಾರ್‌ನ ಮೇಲೆ ಹಾದು ಮತ್ತೆ ಮೊನಾಕ್ಸೈಡ್ ಆಗಬೇಕು. ಈ ಮರುಹುಟ್ಟಿಗೆ ಬೂದುವಾ ಕ್ರಿಯೆ ಎಂದು ಹೆಸರು. ಶಾಖ ಕುಡಿಯುವ ಕ್ರಿಯೆ, ಶಾಖಕ್ಕೆ ತುಂಬ ಸೂಕ್ಷ್ಮ. 1,000 ಡಿಗ್ರಿಯ ಆಸುಪಾಸಿನಲ್ಲಿ 40–50 ಡಿಗ್ರಿ ಇಳಿದರೆ ಅದರ ವೇಗ ಸುಮಾರು ಅರ್ಧ. ಹಾಗಾಗಿ ಶಾಖ ಏರಿಸಬೇಕೆಂಬ ಆಸೆ ಸುಳ್ಳಲ್ಲ. ಆದರೆ ಚಾರ್ ಇದ್ದರೆ ತಾನೆ ಕ್ರಿಯೆ? ಇಂಗಾಲವೇ ಕಡಿಮೆ ಇರುವಾಗ ಹೆಚ್ಚಿಸಿದ ಗಾಳಿ ಉಳಿದ ಚಾರನ್ನೂ ಸುಡುತ್ತದೆ. ಅರೆಬೆಂದ ಕಬ್ಬಿಣದ ಆಕ್ಸೈಡ್ ಹಾಗೇ ಉಳಿದು ಕಲ್ಲಿದ್ದಲ ಬೂದಿಯ ಸಿಲಿಕಾ ಜೊತೆ ಸೇರುತ್ತದೆ. ಈ ಜೋಡಿಯಿಂದ ಹುಟ್ಟುವ ಫಯಲೈಟ್ ಕರಗುವುದು 1,205 ಡಿಗ್ರಿಗೆ. ಅಲ್ಯುಮಿನಾ ಸೇರಿತೆಂದರೆ 1,100ರ ಆಸುಪಾಸಿನಲ್ಲೇ ಜಿಗುಟಾಗುತ್ತದೆ. ಇಟ್ಟಿಗೆಗೆ ಮೊದಲ ಪದರ ಅಂಟಿತು ಎಂದರೆ ರಿಂಗ್ ಶುರುವಾಯಿತು. ಕಡಿಮೆ ಎಫ್‌ಇಎಂ ಮತ್ತು ಹೆಚ್ಚಿದ ಶಾಖ ಒಟ್ಟಿಗೆ ಇರುವ ಹೊತ್ತೇ ರಿಂಗ್‌ಗೆ ಅತ್ಯಂತ ಹದವಾದ ಹೊತ್ತು.

ಚಾರ್‌ನಲ್ಲಿ ಇಂಗಾಲ ಉಳಿದಿದ್ದರೆ: ಥರ್ಮೋಕಪಲ್ ನಿಜ ಹೇಳುತ್ತಿದೆಯೆ?

ಈಗ ಶಾಖದ ಸರದಿ. ಆದರೆ ಮೊದಲು ಅಳತೆ. ತಿರುಗುವ ಶೆಲ್‌ನಲ್ಲಿ ಕೂತ, ಶಾಖ ಅಳೆಯುವ ಥರ್ಮೋಕಪಲ್ ಒಂದು ಸುತ್ತಿನಲ್ಲಿ ಒಮ್ಮೆ ಮಾಲಿನೊಳಗೆ, ಒಮ್ಮೆ ಅನಿಲದೊಳಗೆ ಇರುತ್ತದೆ. ಆರೋಗ್ಯದ ಗೆರೆ ಎರಡು ನಿಮಿಷಕ್ಕೊಮ್ಮೆ ಅಲೆಯಾಡಬೇಕು. ಗೆರೆ ಮಲಗಿ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಆ ಥರ್ಮೋಕಪಲ್ ಮೇಲೆ ಕರಗಿ ಅಂಟಿದ ಪದರ ಕೂತಿದೆ. ಅದನ್ನು ನಂಬಿ ಆ ಭಾಗದ ಗಾಳಿ ಏರಿಸಿದರೆ ಆ ಪದರ ಇನ್ನಷ್ಟು ದಪ್ಪವಾಗುತ್ತದೆ.

ಎರಡನೆಯ ಮೋಸ ತಂತಿಯದು. ಕೆ ಮಾದರಿಯ ಥರ್ಮೋಕಪಲ್‌ಗೆ ಸ್ಲಿಪ್ ರಿಂಗ್‌ನಿಂದ (ತಿರುಗುವ ಶೆಲ್‌ನಿಂದ ಸಂಕೇತ ಹೊರತರುವ ಲೋಹದ ಬಳೆ) ಪ್ಯಾನೆಲ್‌ವರೆಗೆ ಅದೇ ಮಾದರಿಯ ಕಾಂಪೆನ್ಸೇಟಿಂಗ್ ಕೇಬಲ್ ಬೇಕು. ಕೇಬಲ್ ಸುಟ್ಟಾಗ ಕೈಗೆ ಸಿಕ್ಕ ತಾಮ್ರದ ತಂತಿ ಜೋಡಿಸಿದ್ದರೆ ಗಮನಿಸಿ: ಶೆಲ್ ಪಕ್ಕದ ಜಂಕ್ಷನ್ ಬಾಕ್ಸ್ 70 ಡಿಗ್ರಿ, ಎಸಿ ಹಾಕಿದ ಪ್ಯಾನೆಲ್ ಕೋಣೆ 28 ಡಿಗ್ರಿ ಇದ್ದರೆ ನಿಜವಾದ 1,000 ಡಿಗ್ರಿ ಪರದೆಯ ಮೇಲೆ 958ರ ಹತ್ತಿರ ಕಾಣುತ್ತದೆ. ಬೇಸಿಗೆಯಲ್ಲಿ ಬಾಕ್ಸ್ ಇನ್ನೂ ಕಾಯುತ್ತದೆ, ತಪ್ಪು ಇನ್ನೂ ಬೆಳೆಯುತ್ತದೆ. ಮಿಲಿವೋಲ್ಟ್ ಮೀಟರ್ ಹಿಡಿದು ಪರೀಕ್ಷಿಸುವುದಾದರೆ, ಶೀತ ಜಂಕ್ಷನ್ ಸೊನ್ನೆಯಲ್ಲಿದ್ದಾಗ 1,000 ಡಿಗ್ರಿಗೆ 41.28 ಮಿಲಿವೋಲ್ಟ್. ಜಂಕ್ಷನ್ 45 ಡಿಗ್ರಿಯಲ್ಲಿದ್ದರೆ 1.82 ಕಳೆದು 39.46 ಬರಬೇಕು. ಅನುಮಾನ ಉಳಿದರೆ ಕ್ಯೂಆರ್‌ಟಿ (ಬೇಗ ಅಂಕಿ ಕೊಡುವ ಥರ್ಮೋಕಪಲ್) ಹಾಕಿ ಹಾಸಿಗೆಯ ಶಾಖವನ್ನೇ ಅಳೆಯಿರಿ. ಪೋರ್ಟ್ ತೆರೆಯುವಾಗ ನೇರ ಎದುರು ನಿಲ್ಲಬೇಡಿ, ಮೊನಾಕ್ಸೈಡ್ ಮೀಟರ್ ಎದೆಯ ಮೇಲಿರಲಿ. 1,200 ಪಿಪಿಎಂ ಎಂದರೆ ಜೀವಕ್ಕೇ ಅಪಾಯದ ಮಟ್ಟ, ಆ ಅನಿಲಕ್ಕೆ ವಾಸನೆಯಿಲ್ಲ.

ಅಳತೆ ಸರಿ, ಶಾಖ ನಿಜಕ್ಕೂ ಕಡಿಮೆ ಎಂದಾದರೆ ಗಾಳಿಯ ತೂಕ ಯೋಚಿಸಿ. ಫ್ಯಾನ್ ಅಳೆಯುವುದು ಗಾತ್ರ, ಉರಿಸುವುದು ತೂಕ. ಚಳಿಗಾಲದ ಬೆಳಗಿನ 17 ಡಿಗ್ರಿಯಲ್ಲಿ ಇಟ್ಟ ಡ್ಯಾಂಪರ್, ಏಪ್ರಿಲ್ ಮಧ್ಯಾಹ್ನದ 41 ಡಿಗ್ರಿಯಲ್ಲಿ ಸುಮಾರು 8% ಕಡಿಮೆ ಗಾಳಿ ಕೊಡುತ್ತದೆ. ರಾಯಚೂರು–ಬಳ್ಳಾರಿಯ ಬಿಸಿಲಿಗೆ ಹಗಲೊಂದು, ರಾತ್ರಿಯೊಂದು ಡ್ಯಾಂಪರ್ ಪಟ್ಟಿ ಇಟ್ಟುಕೊಂಡರೆ ಈ ದೋಷ ಬರುವುದೇ ಇಲ್ಲ. ಏರಿಸುವುದಾದರೂ ಒಂದು ಸಲಕ್ಕೆ ಒಂದು ಫ್ಯಾನ್, ಶಾಖ 10 ಡಿಗ್ರಿ ಏರುವಷ್ಟು, ಆಮೇಲೆ ಕಾಯುವುದು. ಬೂದಿ ಮೆತ್ತಗಾಗುವ ಶಾಖಕ್ಕಿಂತ ಹಾಸಿಗೆ ಕನಿಷ್ಠ 150 ಡಿಗ್ರಿ ಕೆಳಗೇ ಇರಲಿ.

ಇನ್ನೊಂದು ಸುಳಿವು ಬಾಯ್ಲರ್ ಕಡೆಯಿಂದ ಬರುತ್ತದೆ. ಕಿಲ್ನ್‌ನ ನಡುಭಾಗ ತಣ್ಣಗಾಗುತ್ತ ಎಬಿಸಿ (ಕಿಲ್ನ್‌ನಿಂದ ಬಾಯ್ಲರ್‌ಗೆ ಹೋಗುವ ಅನಿಲ ಉರಿಯುವ ಕೋಣೆ) ಶಾಖ ಏರಿ ಸ್ಟೀಮ್ ಹೆಚ್ಚಾದರೆ, ಕಲ್ಲಿದ್ದಲ ಅನಿಲ ಒಳಗೆ ಉರಿಯದೆ ಹೊರಗೆ ಉರಿಯುತ್ತಿದೆ. ಅನಿಲವನ್ನು ಹೊರಗೆಳೆಯುವ ಐಡಿ ಫ್ಯಾನಿನ ಎಳೆತ ಹೆಚ್ಚಾಗಿದೆ. ಪವರ್ ಪ್ಲಾಂಟಿನವರು ಆ ದಿನ ಖುಷಿಯಾಗಿರುತ್ತಾರೆ, ಅವರು ತಾವಾಗಿ ಬಂದು ಹೇಳುವುದಿಲ್ಲ.

ಚಾರ್‌ನಲ್ಲಿ ಇಂಗಾಲವೂ ಇದೆ, ಶಾಖವೂ ಸರಿ, ಆದರೂ ನಡು ಕಪ್ಪು: ಸಮಯ ಸಾಲುತ್ತಿಲ್ಲ. ಕಿಲ್ನ್‌ನಲ್ಲಿ ಉಳಿಯುವ ಹೊತ್ತು ವೇಗಕ್ಕೆ ವಿಲೋಮ. 0.50ರಿಂದ 0.45ಕ್ಕೆ ಇಳಿಸಿದರೆ ಸುಮಾರು 11% ಹೆಚ್ಚು ಹೊತ್ತು ಸಿಗುತ್ತದೆ. ಆದರೆ ಫೀಡ್ ಅಷ್ಟೇ ಇಟ್ಟು ವೇಗ ಮಾತ್ರ ಇಳಿಸಿದರೆ ಹಾಸಿಗೆ ದಪ್ಪವಾಗಿ ಫೀಡ್ ತುದಿಯಲ್ಲಿ ಮಾಲು ಹಿಂದಕ್ಕೆ ಚೆಲ್ಲುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಿ.

ಅದಿರೂ ಕಾರಣವಾಗಬಹುದು. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಈ ಭಾಗದ ಅದಿರು ಇ-ಹರಾಜಿಗೆ ಬಂದಾಗಿನಿಂದ, 2022ರ ಮೇನಲ್ಲಿ ಆ ಕಟ್ಟು ಸಡಿಲವಾದ ಮೇಲೂ, ಬೇರೆ ಬೇರೆ ಗಣಿಯ ಸಣ್ಣ ಲಾಟ್‌ಗಳನ್ನು ಬೆರೆಸುವುದು ಹಲವರಿಗೆ ತಪ್ಪಿಲ್ಲ. ಸಂಡೂರು ಬೆಟ್ಟಸಾಲಿನಲ್ಲೂ ಗಟ್ಟಿ ಅದಿರಿದೆ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವುದೂ ಇದೆ. ಹೊಸ ಲಾಟ್ ಬಂದಾಗ 5 ಮಿ.ಮೀ. ಕೆಳಗಿನ ಪುಡಿ 5% ದಾಟದಂತೆ ನೋಡಿ. ಹಳೆಯದರ ಜೊತೆ ಕಾಲುಪಾಲಿನಿಂದ ಶುರು ಮಾಡಿ. ಪೆಲೆಟ್‌ಗೆ (ಪುಡಿ ಅದಿರಿನ ಉಂಡೆ) ಹೋದರೆ ಅದು ಉರುಟಾಗಿ ಬೇಗ ಜಾರುತ್ತದೆ, ವೇಗ–ಗಾಳಿ ಪಟ್ಟಿಯನ್ನು ಹೊಸದಾಗಿ ಬರೆಯಬೇಕು.

ಬೆಂದ ಮೇಲೆ ಕೆಟ್ಟಿದ್ದರೆ

ಡಿಸ್ಚಾರ್ಜ್ ತುದಿಯ ಒತ್ತಡ ಸದಾ ಚೂರು ಹೊರಮುಖವಾಗಿರಬೇಕು, ನೀರಿನ ಕಂಬದ ಒಂದೆರಡು ಮಿ.ಮೀ. ಸಾಕು. ಸೀಲ್ ಸಂದಿಗೆ ಉದ್ದ ಕೋಲಿನ ತುದಿಗೆ ಕಟ್ಟಿದ ನೂಲಿನ ಎಳೆ ಹಿಡಿಯಿರಿ. ಒಳಗೆ ಸೆಳೆದರೆ ಗಾಳಿ ಹೋಗುತ್ತಿದೆ. ಒತ್ತಡದ ಟ್ಯಾಪಿಂಗ್ ಧೂಳಿನಿಂದ ಮುಚ್ಚಿ ಮೀಟರ್ ಸುಳ್ಳು ಹೇಳುವುದು ಸಾಮಾನ್ಯ, ಮೊದಲು ಅದನ್ನು ಊದಿ ಬಿಡಿಸಿ.

ಆಮೇಲೆ ಕೂಲರ್. ಹೊರಬರುವ ಮಾಲು 100 ಡಿಗ್ರಿ ಮೀರಿದ್ದರೆ ಗಾಳಿ ತಾಗಿದಲ್ಲೇ ಕೆಡುತ್ತ ಹೋಗುತ್ತದೆ. ಸ್ಪ್ರೇ ನಾಝಲ್‌ಗಳಲ್ಲಿ ಎಷ್ಟು ಮುಚ್ಚಿವೆ ಎಣಿಸಿ: ಕಾಲುವೆ ನೀರಾದರೆ ಮಳೆಗಾಲದ ಹೂಳು, ಕೊಳವೆ ಬಾವಿ ನೀರಾದರೆ ಶೆಲ್ ಮೇಲೆ ಬಿಳಿ ಸುಣ್ಣದ ಪೊರೆ. ಪೊರೆ ಶಾಖವನ್ನು ಹೊರಗೆ ಬಿಡುವುದಿಲ್ಲ, ಕೆರೆದು ತೆಗೆಯಿರಿ. ಶೆಲ್ ಬಿರುಕಿನಿಂದ ನೀರು ಒಳಗೆ ಹೋಗುತ್ತಿರುವ ಶಂಕೆ ಬಂದರೆ ಎಫ್‌ಇಎಂ ಮರೆತುಬಿಡಿ. ಬಿಸಿ ಸ್ಪಾಂಜ್ ನೀರಾವಿಯಿಂದ ಹೈಡ್ರೋಜನ್ ಬಿಡಿಸುತ್ತದೆ, ಅದು ಸಿಡಿಯುತ್ತದೆ. ಫೀಡ್ ನಿಲ್ಲಿಸಿ, ಜನರನ್ನು ದೂರ ಕಳಿಸಿ.

ರಿಂಗ್ ಆಗಲೇ ಕೂತಿದ್ದರೆ

ಶೆಲ್‌ನ ಹೊರಮೈಯನ್ನು ಮೀಟರಿಗೊಂದು ಕಡೆ ಇನ್‌ಫ್ರಾರೆಡ್ ಗನ್‌ನಿಂದ ಅಳೆದು ಬರೆಯಿರಿ. ಅಕ್ಕಪಕ್ಕಕ್ಕಿಂತ ತಣ್ಣನೆಯ ಪಟ್ಟಿ ಕಂಡಲ್ಲಿ ಒಳಗೆ ರಿಂಗ್. ಬಿಸಿ ಮಚ್ಚೆ ಕಂಡಲ್ಲಿ ಇಟ್ಟಿಗೆ ಸವೆದಿದೆ. ರಿಂಗ್ ಬೆಳೆದಂತೆ ಫೀಡ್ ತುದಿ ಚೆಲ್ಲುತ್ತದೆ, ಔಟ್‌ಪುಟ್ ಒಮ್ಮೆ ಕಡಿಮೆ, ಒಮ್ಮೆ ರಾಶಿಯಾಗಿ ಬರುತ್ತದೆ. ಆಗ ಫೀಡ್ 10–15% ಇಳಿಸಿ, ಆ ಭಾಗದ ಫ್ಯಾನಿನ ಗಾಳಿ ತಗ್ಗಿಸಿ, ಇಂಗಾಲದ ಅನುಪಾತ ಏರಿಸಿ, ಪುಡಿ ನಿಲ್ಲಿಸಿ. ಹೊಸ ಪದರವಾಗಿದ್ದರೆ ಶಾಖದ ಏರಿಳಿತಕ್ಕೆ ಬಿರುಕು ಬಿಟ್ಟು ಉದುರಬಹುದು. ಹಳೆಯದಾದರೆ ಉದುರುವುದಿಲ್ಲ, ನಿಲ್ಲಿಸುವ ದಿನವನ್ನು ನೀವೇ ಆರಿಸಿಕೊಳ್ಳಿ.

ರೂಪಾಯಿ ಎಲ್ಲಿ ಹೋಗುತ್ತದೆ

ಎಫ್‌ಇಎಂ 6 ಅಂಶ ಇಳಿದರೆ ಟನ್ನಿಗೆ 60 ಕಿಲೋ ಲೋಹ ಕಡಿಮೆ, ದಿನಕ್ಕೆ 6 ಟನ್. ಇಂಡಕ್ಷನ್ ಫರ್ನೇಸಿನಲ್ಲಿ ಅದರ ಬಹುಪಾಲು ಸ್ಲ್ಯಾಗ್ ಆಗಿ ಹೋಗುತ್ತದೆ, ಲೈನಿಂಗ್ ತಿನ್ನುತ್ತದೆ, ಖರೀದಿದಾರ ದರ ಕಡಿಯುತ್ತಾನೆ. ಈ ನಷ್ಟ ಎಲ್ಲರಿಗೂ ಕಾಣುತ್ತದೆ. ಕಾಣದ ನಷ್ಟ ಕ್ಯಾಂಪೇನ್‌ನದು, ಅಂದರೆ ಎರಡು ನಿಲುಗಡೆಯ ನಡುವಿನ ಓಟದ್ದು. ಶಾಖ ಏರಿಸಿ ದಿನಕ್ಕೆ 105 ಟನ್ ತೆಗೆದು, 55 ದಿನಕ್ಕೆ ರಿಂಗ್ ಕಟ್ಟಿ, 10 ದಿನ ನಿಲ್ಲಿಸಿದರೆ: 5,775 ಟನ್, 65 ದಿನ, ಸರಾಸರಿ 88.8. ತಗ್ಗಿಸಿ 98 ಟನ್‌ನಲ್ಲಿ 120 ದಿನ ಓಡಿಸಿ ಅದೇ 10 ದಿನ ನಿಲ್ಲಿಸಿದರೆ: 11,760 ಟನ್, 130 ದಿನ, ಸರಾಸರಿ 90.5. ಜೊತೆಗೆ ಅದೇ 130 ದಿನದಲ್ಲಿ ಎರಡು ಸಲದ ಬದಲು ಒಂದೇ ಸಲ ರಿಂಗ್ ಒಡೆಯುವ ಕೂಲಿ, ಕಿಲ್ನ್ ಮತ್ತೆ ಹೊತ್ತಿಸಲು ಒಂದೇ ಸಲ ಲೈಟಪ್ ಎಣ್ಣೆ. ದಿನದ ಟನ್ನೇಜ್ ಬೋರ್ಡ್ ಮಾತ್ರ ನೋಡುವ ಮ್ಯಾನೇಜರ್‌ಗೆ ಮೊದಲನೆಯದೇ ಚೆಂದ ಕಾಣುತ್ತದೆ.

ಕಲ್ಲಿದ್ದಲಲ್ಲೂ ಹೀಗೆ. ಉದಾಹರಣೆಗೆಂದೇ ಹಿಡಿದ ದರ: ಟನ್ನಿಗೆ 8,000 ರೂ., ತೇವ 8%, ಒಣ ಲೆಕ್ಕದಲ್ಲಿ ಫಿಕ್ಸೆಡ್ ಕಾರ್ಬನ್ 50%, ಬೂದಿ 18%. ಇನ್ನೊಂದು 6,500 ರೂ., ತೇವ 12%, ಕಾರ್ಬನ್ 38%, ಬೂದಿ 36%. ಮೊದಲನೆಯದರಲ್ಲಿ ಒಂದು ಟನ್ ಇಂಗಾಲಕ್ಕೆ ಸುಮಾರು 17,400 ರೂ., ಎರಡನೆಯದರಲ್ಲಿ 19,400. ಅಗ್ಗದ್ದೇ ತುಟ್ಟಿ. ಗಂಟೆಗೆ 1.86 ಟನ್ ಇಂಗಾಲ ಕೊಡಲು ಮೊದಲನೆಯದು 0.67 ಟನ್ ಬೂದಿ ತಂದರೆ ಎರಡನೆಯದು 1.76 ಟನ್ ತರುತ್ತದೆ. ಆ ಹೆಚ್ಚಿನ ಒಂದು ಟನ್ ಬೂದಿ ಅದಿರಿನ ಜಾಗ ತಿನ್ನುತ್ತದೆ, ಶಾಖ ತಿನ್ನುತ್ತದೆ, ರಿಂಗ್‌ಗೆ ಸಿಲಿಕಾ ಒದಗಿಸುತ್ತದೆ. ಖರೀದಿ ವಿಭಾಗದ ಹೋಲಿಕೆ ಪಟ್ಟಿಯಲ್ಲಿ ಟನ್ನಿನ ದರದ ಪಕ್ಕ ಒಣ ಇಂಗಾಲದ ದರಕ್ಕೂ ಒಂದು ಕಾಲಂ ಹಾಕಿಸಿ.

ತಿದ್ದಿದ ಮೇಲೆ

ಕೆಟ್ಟ ಮಾಲನ್ನು ಒಳ್ಳೆಯದರ ಬಂಕರ್‌ಗೆ ಬಿಡದೆ ಸೂರಿನ ಕೆಳಗೆ ಬೇರೆ ರಾಶಿ ಮಾಡಿ. ಮಳೆಗೆ ನೆನೆದ ಸ್ಪಾಂಜ್ ರಾಶಿ ಒಳಗೊಳಗೇ ಕಾದು ಹೊತ್ತಿಕೊಳ್ಳಬಹುದು. ಎಂಟು ಗಂಟೆ ಬಿಟ್ಟು ಮೂರು ಸ್ಯಾಂಪಲ್ ಸತತ 80 ದಾಟಿದ ಮೇಲೆ ಫೀಡನ್ನು ಗಂಟೆಗೆ 0.1 ಟನ್‌ನಂತೆ ಮೇಲಕ್ಕೆ ತನ್ನಿ. ಪುಸ್ತಕದಲ್ಲಿ ಎಫ್‌ಇಎಂ, ಚಾರ್‌ನ ಇಂಗಾಲ, ಕಲ್ಲಿದ್ದಲ ತೇವ, ಗ್ರೈಂಡರ್‌ನಲ್ಲಿ ಕಂಡ ಬಣ್ಣ, ಯಾವ ಡ್ಯಾಂಪರ್ ಎಷ್ಟು ಗಂಟೆಗೆ ಎಷ್ಟು ತಿರುಗಿತು, ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆದಿಡಿ.